ಮೇಜಿನ ಮೇಲಿನ ಯುದ್ಧ, ಮಣ್ಣಿನ ಮೇಲಿನ ಯುದ್ಧ

ಆಟಿಯ ಮಳೆ ಹಿಡಿದರೆ ನಮ್ಮ ಸುಳ್ಯದ ಕಡೆ ಹೊರಗೆ ಕಾಲಿಡುವಂತಿಲ್ಲ. ತೋಟಕ್ಕೆ ಮದ್ದು ಬಿಡಬೇಕಾದರೂ ಬಿಸಿಲಿಗೆ ಕಾಯಬೇಕು. ನಾನು ಚಿಕ್ಕವನಿದ್ದಾಗ ಅಂಥ ದಿನಗಳಲ್ಲಿ ನೆರೆಮನೆಯ ಗೌಡರ ಅಜ್ಜಿ ಅಟ್ಟದಿಂದ ಚೆನ್ನೆಮಣೆ ಇಳಿಸುತ್ತಿದ್ದರು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕೆಂಪು ಕಾಯಿ. ಉರ್ದು ಶಾಲೆಯ ಮೌಲ್ವಿ ಸಾಹೇಬರು ಎಷ್ಟು ಹೇಳಿಕೊಟ್ಟರೂ ತಲೆಗೆ ಹತ್ತದ ನಾಲ್ಕರ ಮಗ್ಗಿ ನನಗೆ ಬಾಯಿಪಾಠವಾದದ್ದು ಆ ಜಗಲಿಯಲ್ಲಿ. ಅಜ್ಜಿ ಯಾರನ್ನು ಬೇಕಾದರೂ ಆಟಕ್ಕೆ ಕೂರಿಸುತ್ತಿದ್ದರು, ಜಾತಿ ಧರ್ಮ ನೋಡುತ್ತಿರಲಿಲ್ಲ. ಒಂದೇ ಒಂದು ನಿಷೇಧವಿತ್ತು. ನನ್ನ ಇಬ್ಬರು ಅಕ್ಕಂದಿರು ಎದುರೆದುರು ಕೂತರೆ ಮಾತ್ರ ಗದರುತ್ತಿದ್ದರು. 'ಅಕ್ಕ ತಂಗಿ ಚೆನ್ನೆ ಆಡಬಾರದು ಮಕ್ಕಳೇ, ಏಳಿ' ಎನ್ನುತ್ತಿದ್ದರು. ಯಾಕೆಂದು ಕೇಳಿದರೆ ಉತ್ತರವಿಲ್ಲ.

ಈ ಹಳೆಯ ನೆನಪನ್ನು ಮತ್ತೆ ಕೆದಕಿದವನು ಆ ಅಕ್ಕಂದಿರಲ್ಲೊಬ್ಬಳ ಮಗ. ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಾನೆ. ಒಂದು ಭಾನುವಾರ ಕೆಲವು ಫೋಟೋ ಕಳಿಸಿದ. ದೊಡ್ಡದೊಂದು ಸಭಾಂಗಣ, ಅದರ ತುಂಬ ಮೇಜುಗಳು. ಮೇಜುಗಳ ಮೇಲೆ ಹಸಿರು ಗುಡ್ಡ, ನೀಲಿ ಬಣ್ಣದ ಹೊಳೆ, ಬೆರಳುದ್ದದ ಮನೆ, ಕೋಟೆ. ಅವುಗಳ ನಡುವೆ ಹೆಬ್ಬೆರಳ ಗಾತ್ರದ ನೂರಾರು ಸೈನಿಕರು. ಒಬ್ಬೊಬ್ಬನ ಗುಂಡಿ, ಪಟ್ಟಿ, ಮೀಸೆಗೂ ಕುಂಚದಿಂದ ಬಣ್ಣ ಹಚ್ಚಲಾಗಿದೆ. ಸುತ್ತಲೂ ನಿಂತ ನಡುವಯಸ್ಸಿನ ಗಂಡಸರು ಅಳತೆಪಟ್ಟಿ ಹಿಡಿದು, ದಾಳ ಎಸೆದು, ಪಡೆಗಳನ್ನು ಇಂಚಿಂಚು ಮುಂದೊತ್ತುತ್ತಿದ್ದಾರೆ. ವರ್ಷಕ್ಕೊಮ್ಮೆ ನಡೆಯುವ ಇಂಥ ಕೂಟಗಳಿಗೆ ಸಾವಿರಾರು ಜನ ಟಿಕೆಟ್ ಕೊಂಡು ಬರುತ್ತಾರಂತೆ. ಲಂಡನ್ನಿನಲ್ಲಿ 'ಸಲ್ಯೂಟ್' ಎಂಬ ಹೆಸರಿನ ಕೂಟ 1972ರಿಂದ ನಡೆದುಬಂದಿದೆ.

ಒಂದು ಫೋಟೋದಲ್ಲಿ ಹುಲಿಪಟ್ಟೆಯ ಅಂಗಿ ತೊಟ್ಟ ಸಿಪಾಯಿಗಳಿದ್ದರು. ಫೋನ್ ಮಾಡಿದೆ.

'ಮಾಮೂ, ಅದು ನಮ್ಮ ಶ್ರೀರಂಗಪಟ್ಟಣ. ಇಲ್ಲಿ ಆಡ್ತಾರೆ' ಎಂದ.

'ಯಾರು ಗೆದ್ದರು?' ಎಂದು ಕೇಳಿದೆ.

'ಇವತ್ತು ಟಿಪ್ಪು ಕಡೆಯವರು.'

ನಾನು ನಕ್ಕೆ. ಆದರೆ ಆ ರಾತ್ರಿ ನಿದ್ದೆ ಬೇಗ ಹತ್ತಲಿಲ್ಲ. 1799ರ ಮೇ 4ರಂದು ಬಿದ್ದ ಕೋಟೆಯನ್ನು ರಜಾದಿನದ ಸಂಜೆ ಯಾರೋ ಉಳಿಸಿಕೊಂಡರು, ಬಳಿಕ ಸತ್ತವರನ್ನೂ ಬದುಕಿದವರನ್ನೂ ಒಂದೇ ಡಬ್ಬಿಗೆ ತುಂಬಿ ಮನೆಗೆ ಹೋದರು. ಇದು ಕೇವಲ ಮಕ್ಕಳಾಟವೇ? ಮನುಷ್ಯ ಯುದ್ಧವನ್ನು ಆಟ ಮಾಡಿಕೊಂಡದ್ದು ಯಾವಾಗ, ಯಾಕೆ?

ಈ ಪ್ರಶ್ನೆಯ ಬೆನ್ನು ಹತ್ತಿದರೆ ದಾರಿ ನಮ್ಮ ದೇಶಕ್ಕೇ ಬಂದು ನಿಲ್ಲುತ್ತದೆ. ಆನೆ, ಕುದುರೆ, ರಥ, ಕಾಲಾಳು ಎಂಬ ಸೈನ್ಯದ ನಾಲ್ಕು ಅಂಗಗಳನ್ನು ಅರವತ್ತನಾಲ್ಕು ಮನೆಗಳ ಹಾಸಿನ ಮೇಲೆ ನಿಲ್ಲಿಸಿದ ಚತುರಂಗ ಸುಮಾರು ಆರನೆಯ ಶತಮಾನದ ಹೊತ್ತಿಗೆ ಭಾರತದಲ್ಲಿ ರೂಪುಗೊಂಡಿತೆಂದು ವಿದ್ವಾಂಸರು ಹೇಳುತ್ತಾರೆ. ಏಳನೆಯ ಶತಮಾನದ ಬಾಣಭಟ್ಟ ತನ್ನ 'ಹರ್ಷಚರಿತ'ದಲ್ಲಿ ಒಂದು ಶ್ಲೇಷೆ ಮಾಡುತ್ತಾನೆ. ಹರ್ಷನ ಆಳ್ವಿಕೆಯಲ್ಲಿ ಚತುರಂಗದ ವಿನ್ಯಾಸ ಕಲಿಯಬೇಕಾದರೆ ಆಟದ ಹಾಸಿನಲ್ಲಿ ಮಾತ್ರ ಕಲಿಯಬೇಕಿತ್ತು ಎಂಬ ಅರ್ಥದ ಮಾತದು. ಅಂದರೆ ನೆಲದ ಮೇಲೆ ಯುದ್ಧವಿರಲಿಲ್ಲ, ಹಾಸಿನ ಮೇಲಷ್ಟೇ ಇತ್ತು! ಅದು ರಾಜಸ್ತುತಿ, ನಿಜವಲ್ಲ. ಹರ್ಷನೂ ಯುದ್ಧ ಮಾಡಿದವನೇ, ನಮ್ಮ ಇಮ್ಮಡಿ ಪುಲಿಕೇಶಿಯ ಎದುರು ಹಿಂಜರಿದವನೇ. ಆದರೂ ಆ ಶ್ಲೇಷೆಯಲ್ಲಿ ಒಂದು ಆಸೆ ಅಡಗಿದೆ. ಕಾದಾಡಲೇಬೇಕಿದ್ದರೆ ಹಾಸಿನ ಮೇಲೆ ಕಾದಾಡಲಿ ಎಂಬ ಆಸೆ.

ಚತುರಂಗ ಪರ್ಷಿಯಕ್ಕೆ ಹೋಗಿ 'ಚತ್ರಂಗ್' ಆಯಿತು, ಅರಬರ ಕೈಯಲ್ಲಿ 'ಶತ್ರಂಜ್' ಆಯಿತು. ಅಬ್ಬಾಸಿ ಖಲೀಫರ ಬಗ್ದಾದಿನಲ್ಲಿ ಅದೊಂದು ಶಾಸ್ತ್ರವೇ ಆಗಿ ಬೆಳೆಯಿತು. ಒಂಬತ್ತನೆಯ ಶತಮಾನದ ಅಲ್-ಅದ್ಲಿ, ಹತ್ತನೆಯ ಶತಮಾನದ ಅಸ್ಸೂಲಿ ಅದರ ಮೇಲೆ ಗ್ರಂಥಗಳನ್ನೇ ಬರೆದರು. ಇಂದು ಇಂಗ್ಲಿಷರು 'ಚೆಕ್‌ಮೇಟ್' ಎನ್ನುವುದು ಪರ್ಷಿಯನ್ನಿನ 'ಶಾಹ್ ಮಾತ್'. ಅವರ 'ರೂಕ್' ನಮ್ಮ ಉರ್ದುವಿನ 'ರುಖ್'. ಇಸ್ಲಾಮಿ ಜಗತ್ತಿನಲ್ಲಿ ಈ ಕಾಯಿಗಳ ರೂಪವೂ ಬದಲಾಯಿತು. ಮನುಷ್ಯ, ಪ್ರಾಣಿಗಳ ಬೊಂಬೆ ಕೆತ್ತುವುದಕ್ಕೆ ಧಾರ್ಮಿಕ ಆಕ್ಷೇಪವಿದ್ದುದರಿಂದ ಕುಶಲಕರ್ಮಿಗಳು ಆನೆಗೆ ಎರಡು ಉಬ್ಬು, ಕುದುರೆಗೆ ಒಂದು ಮೂತಿ ಮಾಡಿ ಮುಗಿಸಿದರು. ಮುಖವಿಲ್ಲದ ಸೈನ್ಯ! ಇಂಗ್ಲೆಂಡಿನ ಆ ಮೇಜುಗಳಲ್ಲಿ ಪ್ರತಿಯೊಬ್ಬನಿಗೂ ಮೀಸೆ ಬರೆಯುವವರನ್ನು ನೋಡಿದಾಗ ಈ ವ್ಯತ್ಯಾಸ ಮನಸ್ಸಿಗೆ ಬಂತು.

ಶತ್ರಂಜ್ ಆಡಬಹುದೇ ಎಂಬ ಬಗ್ಗೆ ನಮ್ಮ ಉಲೇಮಾಗಳಲ್ಲಿ ದೊಡ್ಡ ಚರ್ಚೆಯೇ ನಡೆದಿದೆ. ಕರಾವಳಿಯ ಬ್ಯಾರಿಗಳು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಪಂದ್ಯ ಕಟ್ಟದಿದ್ದರೆ, ನಮಾಝ್ ತಪ್ಪದಿದ್ದರೆ ಅದು ಮಕ್ರೂಹ್, ಹರಾಮ್ ಅಲ್ಲ ಎಂಬುದು ಪ್ರಬಲ ಅಭಿಪ್ರಾಯ. ಹನಫಿಗಳಲ್ಲಿ ಹೆಚ್ಚಿನವರು ಇನ್ನಷ್ಟು ಕಟ್ಟುನಿಟ್ಟು. ಇನ್ನೊಂದೆಡೆ, ಕ್ರೂರಿ ಹಜ್ಜಾಜನ ಎದುರು ತಲೆಬಾಗದೆ 714ರಲ್ಲಿ ಶಹೀದರಾದ ತಾಬಿಈ ಸಈದ್ ಬಿನ್ ಜುಬೈರ್ ಹಾಸಿಗೆ ಬೆನ್ನು ತಿರುಗಿಸಿ ಕೂತು, ಕಾಯಿ ನೋಡದೆಯೇ ಆಡುತ್ತಿದ್ದರೆಂಬ ವರದಿಯೂ ಗ್ರಂಥಗಳಲ್ಲಿದೆ. ಪರ ವಿರೋಧ ಏನೇ ಇರಲಿ, ಉಲೇಮಾಗಳು ಕೇಳಿದ ಪ್ರಶ್ನೆ ಮುಖ್ಯ. ಈ ಆಟ ಮನುಷ್ಯನಿಗೆ ಏನನ್ನು ಮರೆಸುತ್ತದೆ? ಅವನನ್ನು ಯಾರ ಮೇಲೆ ಎತ್ತಿಕಟ್ಟುತ್ತದೆ?

ಈ ಪ್ರಶ್ನೆಗೆ ಪ್ರೇಮಚಂದರು 1924ರಲ್ಲಿ ಕಥೆಯ ಮೂಲಕ ಉತ್ತರ ಕೊಟ್ಟರು. 'ಶತ್ರಂಜ್ ಕೆ ಖಿಲಾಡಿ' ಕಥೆಯ ಮಿರ್ಝಾ ಮತ್ತು ಮೀರ್ ಲಕ್ನೋದ ಜಾಗೀರ್‌ದಾರರು. ಕಂಪೆನಿ ಸೈನ್ಯ ಊರಿಗೆ ನುಗ್ಗುತ್ತಿದೆ, ನವಾಬ ವಾಜಿದ್ ಅಲಿ ಶಾಹನನ್ನು ಸೆರೆ ಹಿಡಿಯಲಾಗುತ್ತಿದೆ. ಇವರಿಬ್ಬರೂ ಹೊಳೆಯಾಚೆಯ ಪಾಳು ಮಸೀದಿಯಲ್ಲಿ ಕೂತು ಬಾಜಿ ಆಡುತ್ತಾರೆ. ದೊರೆಗಾಗಿ ಒಂದು ಹನಿ ಕಣ್ಣೀರು ಹಾಕದವರು ಕೊನೆಗೆ ಮರದ ಕಾಯಿಯೊಂದರ ನಡೆಗಾಗಿ ಕತ್ತಿ ಹಿರಿದು ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ. ಸತ್ಯಜಿತ್ ರಾಯ್ 1977ರಲ್ಲಿ ಇದನ್ನು ಸಿನಿಮಾ ಮಾಡಿದಾಗ ಅವರಿಬ್ಬರನ್ನೂ ಬದುಕಲು ಬಿಟ್ಟರು. ಔಧ್ ಮಾತ್ರ ಉಳಿಯಲಿಲ್ಲ. 1856ರಲ್ಲಿ ಕಂಪೆನಿ ಅದನ್ನು ನುಂಗಿತು.

ನಮ್ಮ ಮೈಸೂರಿನಲ್ಲೂ ಒಬ್ಬ ಆಟದ ದೊರೆಯಿದ್ದರು. ಟಿಪ್ಪು ಬಿದ್ದ ಮೇಲೆ ಐದು ವರ್ಷದ ಮಗುವಾಗಿ ಸಿಂಹಾಸನಕ್ಕೇರಿದ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಇಂಗ್ಲಿಷರು ಅವರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು. ರಾಜ್ಯ ಹೋಯಿತು, ಅರಮನೆ ಉಳಿಯಿತು. ಮುಮ್ಮಡಿಯವರು ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲೂ ಒಮ್ಮೊಮ್ಮೆ ನಡೆಸುವ ಚಮತ್ಕಾರದಲ್ಲಿ ನಿಷ್ಣಾತರಾದರು. ಹೊಸ ಹಾಸುಗಳನ್ನು, ಹೊಸ ಗಂಜೀಫಾ ಎಲೆಗಳನ್ನು ಕಲ್ಪಿಸಿದರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗವಾದ 'ಕೌತುಕನಿಧಿ'ಯಲ್ಲಿ ಈ ಆಟಗಳ ವಿವರವಿದೆ. ಅವರನ್ನು ಆಟದಲ್ಲಿ ಮೈಮರೆತ ದೊರೆ ಎಂದು ಹಂಗಿಸುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ನಿಜವಾದ ಸೈನ್ಯವನ್ನು ನಡೆಸುವ ಅಧಿಕಾರ ಹೋದವರು ಮರದ ಕುದುರೆಯನ್ನು ನಡೆಸಿದರು. ಅವರಿಗೆ ಆಟ ಒಂದು ಸಾಂತ್ವನವಾಗಿತ್ತು.

ಅದೇ ಕಾಲದಲ್ಲಿ ಯುರೋಪಿನ ಇನ್ನೊಬ್ಬ ಅರಸನ ಅರಮನೆಗೆ ಬೇರೊಂದು ಮೇಜು ಬಂದಿತ್ತು. 1812ರಲ್ಲಿ ಪ್ರಷ್ಯದ ದೊರೆ ಮೂರನೆಯ ಫ್ರೆಡ್ರಿಕ್ ವಿಲ್ಹೆಲ್ಮನಿಗೆ ರೈಸ್‌ವಿಟ್ಸ್ ಎಂಬ ಅಧಿಕಾರಿ ಗುಡ್ಡ, ಹೊಳೆ, ಊರುಗಳ ಬಿಲ್ಲೆಗಳನ್ನು ಜೋಡಿಸಿ ಯುದ್ಧ ಆಡುವ ಮೇಜೊಂದನ್ನು ಒಪ್ಪಿಸಿದ. ಅವನ ಮಗ, ಫಿರಂಗಿ ದಳದ ಅಧಿಕಾರಿ, 1824ರಲ್ಲಿ ಆ ಆಟವನ್ನು ತಿದ್ದಿ ಬೆಳೆಸಿದ. ಚದುರಂಗದ ಚೌಕಗಳು ಹೋಗಿ ನಿಜವಾದ ಭೂಪಟ ಬಂತು. ಗುಂಡು ಎಷ್ಟು ಜನರಿಗೆ ತಾಗುತ್ತದೆಂಬುದನ್ನು ದಾಳ ಮತ್ತು ಕೋಷ್ಟಕ ಹೇಳಿದವು. ನಡುವೆ ಒಬ್ಬ ತೀರ್ಪುಗಾರ ಕೂತ. ಆಟವನ್ನು ನೋಡಿದ ಸೇನಾ ಮುಖ್ಯಸ್ಥ ಮುಫ್ಲಿಂಗ್ ಇದು ಆಟವಲ್ಲ, ಯುದ್ಧದ ತಾಲೀಮು ಎಂದು ಮೆಚ್ಚಿ ಸೈನ್ಯಕ್ಕೆಲ್ಲ ಶಿಫಾರಸು ಮಾಡಿದ. ಅದನ್ನು ರೂಪಿಸಿದ ಮಗ ಮಾತ್ರ 1827ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಮುಂದೆ 1866ರಲ್ಲಿ ಆಸ್ಟ್ರಿಯವನ್ನೂ 1870ರಲ್ಲಿ ಫ್ರಾನ್ಸನ್ನೂ ಪ್ರಷ್ಯ ಸೋಲಿಸಿದಾಗ ಇತರ ದೇಶಗಳ ಸೈನ್ಯಗಳೂ ಈ 'ಕ್ರೀಗ್‌ಸ್ಪೀಲ್' ಕಲಿಯಲು ಹೊರಟವು. ಸೋತ ದೊರೆಗೆ ಸಾಂತ್ವನವಾದ ಹಾಸು ಗೆಲ್ಲಲು ಹೊರಟವನಿಗೆ ಆಯುಧವಾಯಿತು.

ಇದನ್ನು ಮತ್ತೆ ಮಕ್ಕಳ ಕೋಣೆಗೆ ತಂದವರು ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್. 1893ರಿಂದ ಲಂಡನ್ನಿನ ಬ್ರಿಟನ್ ಕುಟುಂಬದ ಕಾರ್ಖಾನೆ ಒಳಗೆ ಪೊಳ್ಳಾಗಿರುವ ಅಗ್ಗದ ಸೀಸದ ಸೈನಿಕರನ್ನು ಮಾರುತ್ತಿತ್ತು. ವೆಲ್ಸ್ ಆ ಬೊಂಬೆಗಳನ್ನೂ ಸ್ಪ್ರಿಂಗ್ ಫಿರಂಗಿಯನ್ನೂ ಇಟ್ಟುಕೊಂಡು ನೆಲದ ಮೇಲೆ ಮಲಗಿ ಗೆಳೆಯರೊಂದಿಗೆ ಆಡಿದರು. ಅದರ ನಿಯಮಗಳನ್ನು 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕವಾಗಿ ತಂದರು. ನನ್ನ ಅಳಿಯ ಕಳಿಸಿದ ಫೋಟೋಗಳ ಆಟಗಾರರೆಲ್ಲ ಒಂದರ್ಥದಲ್ಲಿ ಆ ಪುಸ್ತಕದ ಮೊಮ್ಮಕ್ಕಳು. ವೆಲ್ಸ್ ಶಾಂತಿವಾದಿ. ಈ ಪುಟ್ಟ ಯುದ್ಧ ಆಡಿದವನಿಗೆ ದೊಡ್ಡ ಯುದ್ಧ ಎಂಥ ಮೂರ್ಖತನ ಎಂಬುದು ತಿಳಿಯುತ್ತದೆಂದು ಅವರು ನಂಬಿದ್ದರು. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಅದೇ ವೆಲ್ಸ್ ಯುದ್ಧವನ್ನೇ ಕೊನೆಗೊಳಿಸುವ ಯುದ್ಧವಿದು ಎಂದು ಬರೆದರು. ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಕಡಲಾಚೆಯ ರಣರಂಗಗಳಿಗೆ ಹೋದರು. ಸುಮಾರು 74 ಸಾವಿರ ಮಂದಿ ತಿರುಗಿ ಬರಲಿಲ್ಲ.

ಹಾಗಾದರೆ ಆಟ ಯುದ್ಧವನ್ನು ತಣಿಸುತ್ತದೆಯೇ, ಕಲಿಸುತ್ತದೆಯೇ? ಬಾಣನೂ ವೆಲ್ಸನೂ ತಣಿಸುತ್ತದೆ ಎಂದರು. ಪ್ರಷ್ಯದ ಸೇನಾಪತಿ ಕಲಿಸುತ್ತದೆ ಎಂದ. ಎರಡೂ ನಿಜವಿರಬಹುದು. ಆದರೆ ಯಾವ ಮೇಜಿನಲ್ಲೂ ಕಾಣದ ಒಂದು ಸಂಗತಿಯಿದೆ. ಅದನ್ನು ನೋಡಲು ನಮ್ಮ ಊರಿನ ಯುದ್ಧಕ್ಕೇ ಬರಬೇಕು.

ಇಂದು ಪುತ್ತೂರು, ಸುಳ್ಯ, ಕಡಬ ಎಂದು ಮೂರು ತಾಲೂಕುಗಳಾಗಿರುವ ಈ ನೆಲದ ಒಂದು ಭಾಗ ಹಿಂದೆ ಕೊಡಗಿನ ಅರಸರ ಕೈಯಲ್ಲಿತ್ತು. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜನನ್ನು ಇಳಿಸಿ, ಅಮರ ಸುಳ್ಯ ಮತ್ತು ಪುತ್ತೂರು ಮಾಗಣೆಗಳನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಿ ಎಂದರು. ರೈತನ ಬಳಿ ಭತ್ತವಿತ್ತು, ರೂಪಾಯಿ ಇರಲಿಲ್ಲ. ಉಪ್ಪು, ಹೊಗೆಸೊಪ್ಪುಗಳ ಮೇಲೆ ಕಂಪೆನಿಯ ಏಕಸ್ವಾಮ್ಯ ಬೇರೆ. 1837ರ ಮಾರ್ಚ್ ಕೊನೆಯಲ್ಲಿ ಜನ ಎದ್ದರು. ಪುಟ್ಟಬಸಪ್ಪ ಎಂಬಾತ ಕಲ್ಯಾಣಸ್ವಾಮಿಯೆಂಬ ಹೆಸರಿನಲ್ಲಿ ಮುಂದೆ ನಿಂತ. ಕೆದಂಬಾಡಿ ರಾಮ ಗೌಡರು, ಗುಡ್ಡೆಮನೆ ಅಪ್ಪಯ್ಯ ಗೌಡರು, ಹುಲಿಕಡಿದ ನಂಜಯ್ಯ, ನಂದಾವರದ ಬಂಗರಸ ಮೊದಲಾದವರು ಕೂಡಿಕೊಂಡರು. ಬೆಳ್ಳಾರೆಯ ಖಜಾನೆ ಅವರ ವಶವಾಯಿತು. ಮಂಗಳೂರಿನ ಕಲೆಕ್ಟರ್ ಸಿಪಾಯಿಗಳೊಂದಿಗೆ ಪುತ್ತೂರಿನವರೆಗೆ ಬಂದು, ನಿಲ್ಲಲಾರದೆ ಹಿಂದೆ ಸರಿದರು. ಏಪ್ರಿಲ್ 5ರಂದು ಮಂಗಳೂರೇ ದಂಗೆಕೋರರ ಕೈಗೆ ಬಂತು. ಬಾವುಟ ಹಾರಿಸಿದ ಗುಡ್ಡವನ್ನು ನಾವಿಂದೂ ಬಾವುಟಗುಡ್ಡೆ ಎನ್ನುತ್ತೇವೆ.

ಯುದ್ಧದ ಆಟ ಆಡುವವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಕ್ಕದು. ಒಂದು ಕಡೆ ಶಿಸ್ತಿನ ಬಂದೂಕಿನ ಪಡೆ, ಇನ್ನೊಂದು ಕಡೆ ಕತ್ತಿ, ಕೋವಿ, ದೊಣ್ಣೆ ಹಿಡಿದ ಗುಂಪು. ನಮ್ಮ ಹುಲಿ ಕುರಿ ಆಟದ ಹಾಗೆ ಎರಡು ಕಡೆಯ ಬಲ ಸಮವಲ್ಲ. ಹುಲಿ ಹಾರಿ ತಿನ್ನುತ್ತದೆ, ಕುರಿಗಳಿಗಿರುವುದು ಒಗ್ಗಟ್ಟಾಗಿ ದಾರಿ ಕಟ್ಟುವ ಉಪಾಯ ಒಂದೇ. ಕೆಲವು ದಿನ ಕುರಿಗಳು ದಾರಿ ಕಟ್ಟಿದವು. ಆಮೇಲೆ ಕಣ್ಣೂರಿನಿಂದ ಕಡಲ ಮೇಲೆ ಕಂಪೆನಿ ಸೈನ್ಯ ಬಂತು. ಕಲ್ಯಾಣಸ್ವಾಮಿ ಮೊದಲಾದವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಬಳಿ ತೂಗಿದರು. ಹಲವರನ್ನು ಕಡಲಾಚೆಗೆ ಗಡೀಪಾರು ಮಾಡಿದರು. ಕಂಪೆನಿಯ ಕಾಗದಗಳಲ್ಲಿ ಇದು 'ಕೂರ್ಗ್ ದಂಗೆ'. ಜನರ ಬಾಯಲ್ಲಿ 'ಕಲ್ಯಾಣಪ್ಪನ ಕಾಟಕಾಯಿ'.

2022ರ ನವೆಂಬರ್‌ನಲ್ಲಿ ಬಾವುಟಗುಡ್ಡೆಯಲ್ಲಿ ರಾಮ ಗೌಡರ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಒಳ್ಳೆಯದೇ ಆಯಿತು. ಆದರೆ ನನ್ನ ತಲೆಯಲ್ಲಿ ಸುಳಿಯುವುದು ಹೆಸರಿಲ್ಲದವರು. ಸುಳ್ಯದಿಂದ ಮಂಗಳೂರಿನ ತನಕ ಬರಿಗಾಲಲ್ಲಿ ನಡೆದವರು, ಪಾಣೆಮಂಗಳೂರಿನ ಹೊಳೆ ದಾಟಿದವರು, ತಿರುಗಿ ಮನೆ ಸೇರಿದ್ದಾರೋ ಇಲ್ಲವೋ ಎಂದು ಯಾರೂ ಬರೆದಿಡದವರು. ಉರ್ದುವಿನಲ್ಲಿ ಚದುರಂಗದ ಕಾಲಾಳಿಗೆ 'ಪ್ಯಾದೆ' ಎನ್ನುತ್ತಾರೆ. ಪ್ಯಾದೆಗೆ ಹೆಸರಿಲ್ಲ. ಒಂದು ಹೋದರೆ ಇನ್ನೊಂದು. ಅದು ಹಿಂದಕ್ಕೆ ನಡೆಯುವಂತೆಯೂ ಇಲ್ಲ. ಯಾವ ಮೇಜಿನಲ್ಲೂ ಕಾಣದ ಸಂಗತಿ ಇದು: ಪ್ಯಾದೆಗೂ ಒಬ್ಬ ತಾಯಿ ಇರುತ್ತಾಳೆ.

ಇದನ್ನು ಬರೆಯುವಾಗ ಅದೇ ಬೆಳ್ಳಾರೆ ಕಣ್ಣ ಮುಂದೆ ಬರುತ್ತದೆ. 2022ರ ಜುಲೈಯಲ್ಲಿ, ಅದೂ ಆಟಿಯ ಮಳೆಯಲ್ಲೇ, ಮೊದಲು ಬೆಳ್ಳಾರೆ ಸಮೀಪದ ಕಳಂಜದಲ್ಲಿ ಹಲ್ಲೆಗೊಳಗಾದ ಒಬ್ಬ ಹುಡುಗ ಸತ್ತ. ಬಳಿಕ ಬೆಳ್ಳಾರೆಯಲ್ಲೇ ಒಬ್ಬನನ್ನು ಕಡಿದು ಕೊಂದರು. ಎರಡು ದಿನ ಕಳೆಯುವುದರೊಳಗೆ ಸುರತ್ಕಲ್ಲಿನಲ್ಲಿ ಇನ್ನೊಬ್ಬ. ಹತ್ತು ದಿನಗಳೊಳಗೆ ಮೂವರು ಯುವಕರು. ಎರಡು ಮನೆಗಳಲ್ಲಿ ಜನಾಝಾ, ಒಂದು ಮನೆಯಲ್ಲಿ ಚಿತೆ. ಯಾರ ಕೈ, ಯಾರ ಸಂಚು ಎಂಬುದನ್ನು ಹೇಳುವುದು ನ್ಯಾಯಾಲಯದ ಕೆಲಸ. ನನಗೆ ಗೊತ್ತಿರುವುದು ಇಷ್ಟೇ. ಆ ದಿನಗಳಲ್ಲಿ ನಮ್ಮ ಪೇಟೆಯ ಅಂಗಡಿಗಳು ಬೇಗ ಬಾಗಿಲು ಹಾಕುತ್ತಿದ್ದವು. ಜನ ಮೂರೂ ಸಾವುಗಳನ್ನು ಎರಡು ಬದಿಗೆ ಹಂಚಿ ಎಣಿಸುತ್ತಿದ್ದರು. ಅವರದ್ದೊಂದು, ನಮ್ಮದೆರಡು. ಚೆನ್ನೆಯ ಕಾಯಿ ಎಣಿಸಿದ ಹಾಗೆ! ಹಾಗೆ ಎಣಿಸಿದವರಲ್ಲಿ ನಾನೂ ಒಬ್ಬ. ಇದನ್ನು ಒಪ್ಪಿಕೊಳ್ಳದೆ ಈ ಲೇಖನ ಬರೆಯುವ ಹಕ್ಕು ನನಗಿಲ್ಲ.

ಟಿಪ್ಪುವಿನ ವಿಷಯದಲ್ಲೂ ನಾವು ಮಾಡುತ್ತಿರುವುದು ಇದನ್ನೇ. ಒಬ್ಬರಿಗೆ ಅವನು ಬರೀ ಶಹೀದ್, ಇನ್ನೊಬ್ಬರಿಗೆ ಬರೀ ಖಳ. ಸತ್ತು ಇನ್ನೂರು ವರ್ಷ ದಾಟಿದ ದೊರೆಯನ್ನು ಪ್ರತಿ ನವೆಂಬರ್‌ನಲ್ಲಿ ಹಾಸಿಗೆ ಎಳೆದು ನಿಲ್ಲಿಸುತ್ತೇವೆ. 2015ರಲ್ಲಿ ಸರ್ಕಾರ ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ನಡುವೆ ಬೀದಿಯಲ್ಲಿ ಬಿದ್ದವರು ಪ್ಯಾದೆಗಳೇ. ಇಂಗ್ಲೆಂಡಿನ ಆಟಗಾರನಿಗೆ ಇರುವ ಒಂದು ಭಾಗ್ಯ ನಮಗಿಲ್ಲ. ಅವನು ಈ ವಾರ ಟಿಪ್ಪುವಿನ ಕಡೆ, ಮುಂದಿನ ವಾರ ಕಂಪೆನಿಯ ಕಡೆ ಕೂರಬಲ್ಲ. ಎದುರಿನವನ ಕಣ್ಣಿಂದ ಹಾಸನ್ನು ನೋಡಬಲ್ಲ. ನಾವು ಹುಟ್ಟಿದ ಬದಿಯಲ್ಲೇ ಕೂತು ಏಳುವವರು.

ಗೌಡರ ಅಜ್ಜಿಯ ನಿಷೇಧದ ಅರ್ಥ ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಸಿರಿ ಪಾಡ್ದನದ ಬಗ್ಗೆ ಓದಿದಾಗ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಮತ್ತು ಅವರ ತುಳುನಾಡಿನ ಸಂಗಡಿಗರು ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರಿಂದ ಕೇಳಿ ದಾಖಲಿಸಿದ ಈ ಮಹಾಕಾವ್ಯ 1998ರಲ್ಲಿ ಪ್ರಕಟವಾಯಿತು. 15,683 ಸಾಲುಗಳ ಆ ಕಾವ್ಯದ ಕೊನೆಯಲ್ಲಿ ಅಬ್ಬಗ ದಾರಗರೆಂಬ ಅವಳಿ ಅಕ್ಕತಂಗಿಯರು ಬರುತ್ತಾರೆ. ಅಪ್ಪ ಅಮ್ಮ ಮನೆಯಲ್ಲಿಲ್ಲದಾಗ ಇಬ್ಬರೂ ಚೆನ್ನೆಗೆ ಕೂರುತ್ತಾರೆ. ಸೋಲು ಗೆಲುವಿಗೆ ಮಾತು ಬೆಳೆಯುತ್ತದೆ. ಅಬ್ಬಗ ಚೆನ್ನೆಮಣೆಯನ್ನೇ ಎತ್ತಿ ದಾರಗಳ ತಲೆಗೆ ಹೊಡೆಯುತ್ತಾಳೆ. ತಂಗಿ ಸಾಯುತ್ತಾಳೆ. ಏನು ಮಾಡಿದೆನೆಂದು ತಿಳಿದ ಅಕ್ಕ ಬಾವಿಗೆ ಹಾರುತ್ತಾಳೆ. ಪ್ರೇಮಚಂದರ ಮಿರ್ಝಾ ಮತ್ತು ಮೀರ್, ತುಳುನಾಡಿನ ಅಬ್ಬಗ ಮತ್ತು ದಾರಗ! ಅಕ್ಷರ ಕಲಿಯದ ನಮ್ಮ ಹೆಂಗಸರು ಲಕ್ನೋದ ಕಥೆಯನ್ನು ಗದ್ದೆಯಲ್ಲಿ ನೇಜಿ ನೆಡುತ್ತಾ ಹಾಡಿಕೊಂಡು ಬಂದಿದ್ದರು. ಅಲ್ಲಿ ಕೊನೆಗೆ ಗೆದ್ದವರೂ ಉಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಅಜ್ಜಿ ಆಟವನ್ನೇನೂ ನಿಲ್ಲಿಸಲಿಲ್ಲ. ಮಣೆಯನ್ನು ಒಲೆಗೆ ಹಾಕಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎದುರಾಳಿಗಳಾಗಿ ಕೂರಬಾರದು ಎಂದರು, ಅಷ್ಟೇ. ಎದುರೆದುರು ಕೂತವರನ್ನು ಎಬ್ಬಿಸಿ ಬೇರೆ ಜೋಡಿ ಮಾಡಿ ಕೂರಿಸಿದರು. ನನ್ನ ದೊಡ್ಡಕ್ಕ ಅವರ ಮೊಮ್ಮಗಳೊಂದಿಗೆ, ಸಣ್ಣಕ್ಕ ಅಜ್ಜಿಯೊಂದಿಗೆ, ನಾನು ಲೆಕ್ಕ ಇಡಲು. ಸೋತವರಿಗೆ ಹುರಿದ ಹಲಸಿನ ಬೀಜ ಮೊದಲು ಸಿಗುತ್ತಿತ್ತು.

ಈ ಸಲ ಆಟಿಯಲ್ಲಿ ಅಳಿಯ ಊರಿಗೆ ಬಂದಿದ್ದ. ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಒಬ್ಬ ಸೈನಿಕನನ್ನು ತಂದಿದ್ದ. ಇಪ್ಪತ್ತೆಂಟು ಮಿಲಿಮೀಟರ್ ಎತ್ತರ, ಹುಲಿಪಟ್ಟೆಯ ಅಂಗಿ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದೆ. ಮುಖಕ್ಕೂ ಬಣ್ಣ ಹಚ್ಚಿದ್ದ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿರಬೇಕು ಅನ್ನಿಸುವಂತಿತ್ತು.

'ಇವನ ಹೆಸರೇನು?' ಎಂದು ಕೇಳಿದೆ.

'ಹೆಸರಿಡಲ್ಲ ಮಾಮೂ, ಇಂಥವರು ನನ್ನ ಹತ್ತಿರ ಅರವತ್ತು ಜನ ಇದ್ದಾರೆ' ಎಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನೀವೇ ಇಡಿ' ಎಂದ.

ಇನ್ನೂ ಇಟ್ಟಿಲ್ಲ. ಸೈನಿಕ ನನ್ನ ಬರೆಯುವ ಮೇಜಿನ ಮೇಲಿದ್ದಾನೆ.